ಇಶಿಗಾಕಿಯ ಬೇಸಿಗೆ ಮತ್ತು ಒಂದು ತಟ್ಟೆ ಹಾಗಲಕಾಯಿ

ಎಲ್ಲರಿಗೂ ನಮಸ್ಕಾರ.

ಜಪಾನ್ ಅಂದ ಕೂಡಲೇ ಹಿಮ, ಬುಲೆಟ್ ರೈಲು ಕಣ್ಣಮುಂದೆ ಬರುತ್ತವೆ ಅಲ್ವಾ? ನಾನು ಇವತ್ತು ಮಾತಾಡುವ ಇಶಿಗಾಕಿ ದ್ವೀಪದಲ್ಲಿ ಎರಡೂ ಇಲ್ಲ. ಟೋಕಿಯೋದಿಂದ ಸುಮಾರು 2,000 ಕಿಲೋಮೀಟರ್ ದೂರ. ತೈವಾನ್ ಅದಕ್ಕಿಂತ ಎಷ್ಟೋ ಹತ್ತಿರ. ಒಕಿನಾವಾ ಪ್ರಾಂತ್ಯದ ಯಾಯೆಯಾಮಾ ದ್ವೀಪಗಳಲ್ಲಿ ಇದೂ ಒಂದು. ಆಗಸ್ಟಿನಲ್ಲಿ ಹೋದರೆ ಮೇ ತಿಂಗಳ ಮಂಗಳೂರಿನಂಥ ಸೆಕೆ. ನಮ್ಮ ಮಕ್ಕಳ ರಜೆ ಅಂತ ಮೇ ಕೊನೆಗೆ ಟಿಕೆಟ್ ಮಾಡಬೇಡಿ, ಆಗ ಅಲ್ಲಿ ಮಳೆಗಾಲ.

ಸಮುದ್ರದ ವಿಷಯ ಬೇಗ ಮುಗಿಸುತ್ತೇನೆ. ಫೋಟೋಗಳಲ್ಲಿ ಜಾಸ್ತಿ ಕಾಣುವ ಕಬಿರಾ ಕೊಲ್ಲಿಯಲ್ಲಿ ಈಜುವಂತಿಲ್ಲ, ಸೆಳೆತ ಜೋರು. ಗಾಜಿನ ತಳದ ದೋಣಿಯಲ್ಲಿ ಕುಳಿತು ಹವಳ ನೋಡಬೇಕು. ಈಜಲು ಬಲೆ ಕಟ್ಟಿದ ಕಡಲತೀರ ಹುಡುಕಿ. ಬೇಸಿಗೆಯಲ್ಲಿ ವಿಷದ ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್, ಬರುತ್ತದೆ. ಅದಕ್ಕೇ ದಡದಲ್ಲಿ ವಿನೆಗರ್ ಬಾಟಲಿ ಇಟ್ಟಿರುತ್ತಾರೆ. ಕುಟುಕಿದ ಜಾಗಕ್ಕೆ ಮೊದಲು ಅದನ್ನು ಸುರಿಯಬೇಕು.

ಇನ್ನು ಊಟ. ನಾನು ಹೇಳಬೇಕೆಂದು ಬಂದಿದ್ದೇ ಇದನ್ನು. ಈ ದ್ವೀಪಕ್ಕೆ ಯಾರ್ಯಾರು ಬಂದರು, ಇಲ್ಲಿನವರು ಎಷ್ಟು ದುಡಿದರು ಅನ್ನುವುದೆಲ್ಲ ಅಲ್ಲಿನ ಸಣ್ಣ ಹೋಟೆಲಿನ ತಟ್ಟೆಯಲ್ಲೇ ಸಿಗುತ್ತದೆ.

ಬೇಸಿಗೆಯ ಮುಖ್ಯ ತರಕಾರಿ ಹಾಗಲಕಾಯಿ. ಅಲ್ಲಿ ಅದಕ್ಕೆ ಗೋಯಾ ಅನ್ನುತ್ತಾರೆ. ಉದ್ದಕ್ಕೆ ಸೀಳಿ, ಚಮಚದಿಂದ ತಿರುಳು ಕೆರೆದು, ತೆಳ್ಳಗೆ ಹೆಚ್ಚುತ್ತಾರೆ. ಉಪ್ಪು ಸವರಿ ಹಿಂಡುತ್ತಾರೆ. ಇಲ್ಲಿಯವರೆಗೆ ನಮ್ಮ ಅಡುಗೆಮನೆಯೇ. ನಾವಾದರೆ ಮುಂದೆ ಹುಣಸೆ, ಬೆಲ್ಲಕ್ಕೆ ಕೈ ಹಾಕುತ್ತೇವೆ. ಅಲ್ಲಿ ಗಟ್ಟಿ ಟೋಫುವನ್ನು, ಅಂದರೆ ಸೋಯಾ ಹಾಲಿನ ಪನೀರಿನಂಥದ್ದನ್ನು, ಕೈಯಲ್ಲೇ ಮುರಿದು ಬಾಣಲೆಯಲ್ಲಿ ಕೆಂಪಗೆ ಹುರಿಯುತ್ತಾರೆ. ಹಂದಿಮಾಂಸ, ಹಾಗಲಕಾಯಿ ಸೇರಿಸಿ, ಕೊನೆಗೆ ಮೊಟ್ಟೆ ಒಡೆದು ಹಾಕಿ ಎರಡು ಸುತ್ತು ತಿರುವಿ ಇಳಿಸುತ್ತಾರೆ. ಮೇಲೆ ಒಣಮೀನಿನ ತೆಳು ಚೂರುಗಳು. ಬಿಸಿಗೆ ಅವು ಅಲುಗಾಡುತ್ತವೆ. ಕಹಿಯನ್ನು ಯಾರೂ ಮುಚ್ಚಿಡುವುದಿಲ್ಲ, ಟೋಫು ಮತ್ತು ಮೊಟ್ಟೆ ಅದನ್ನು ಮೆತ್ತಗೆ ಮಾಡುತ್ತವೆ, ಅಷ್ಟೆ. ಹೆಸರು ಗೋಯಾ ಚಂಪುರು. ಬಹಳ ಕಡೆ ಇದಕ್ಕೆ ಟಿನ್ನಿನ ಹಂದಿಮಾಂಸ ಹಾಕುತ್ತಾರೆ. 1945ರ ಯುದ್ಧದ ನಂತರ 1972ರವರೆಗೆ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಆ ಟಿನ್ನು ಊಟಕ್ಕೆ ಸೇರಿದ್ದು ಆ ಕಾಲದಲ್ಲಿ.

ಈ ಹಾಗಲಕಾಯಿಯ ಹಿಂದೆ ಒಂದು ನೊಣದ ಕಥೆಯಿದೆ. ನಮ್ಮ ಹಾಗಲ, ಸೌತೆ ಬೆಳೆಗಾರರನ್ನು ಕಾಡುತ್ತದಲ್ಲ, ಕಾಯಿಯೊಳಗೆ ಮೊಟ್ಟೆಯಿಟ್ಟು ಹುಳ ಮಾಡುವ ಹಣ್ಣುನೊಣ, ಅದೇ ನೊಣ 1919ರಲ್ಲಿ ಯಾಯೆಯಾಮಾದಲ್ಲಿ ಕಾಣಿಸಿಕೊಂಡಿತು. ಆಮೇಲೆ ದ್ವೀಪದಿಂದ ದ್ವೀಪಕ್ಕೆ ಹರಡಿತು. ನೊಣ ಹೊಕ್ಕ ದ್ವೀಪಗಳಿಂದ ಹಾಗಲಕಾಯಿಯನ್ನು ಜಪಾನಿನ ಉಳಿದ ಭಾಗಕ್ಕೆ ಸುಮ್ನೆ ಕಳಿಸುವಂತಿರಲಿಲ್ಲ. ಔಷಧಿ ಹೊಡೆದೇ ಗೆಲ್ಲಲು ಹೊರಡಲಿಲ್ಲ ಅಲ್ಲಿನವರು. ಕೋಟಿಗಟ್ಟಲೆ ನೊಣಗಳನ್ನು ತಾವೇ ಸಾಕಿ, ಪೊರೆಹುಳು, ಅಂದರೆ ಪ್ಯೂಪಾ ಹಂತದಲ್ಲಿ ಗಾಮಾ ಕಿರಣ ಹಾಯಿಸಿ, ಸಂತಾನಶಕ್ತಿ ತೆಗೆದು ಹಾರಿಬಿಟ್ಟರು. ಹೊಲದ ಹೆಣ್ಣು ನೊಣ ಇವುಗಳ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿ 1993ರ ಹೊತ್ತಿಗೆ ಕೊನೆಯದಾಗಿ ಯಾಯೆಯಾಮಾದಿಂದಲೂ ನೊಣ ಓಡಿಸಿದರು. ಅದಾದ ಮೇಲೆ ಯಾಯೆಯಾಮಾದ ಗೋಯಾಕ್ಕೂ ದಾರಿ ತೆರೆಯಿತು. ಇಷ್ಟು ತಾಳ್ಮೆಯ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ಅನಾನಸ್ ತಿನ್ನದೆ ಬರಬೇಡಿ. 1930ರ ದಶಕದಲ್ಲಿ ತೈವಾನಿನಿಂದ ವಲಸೆ ಬಂದ ರೈತರು ಅದರ ಬೇಸಾಯವನ್ನು ಬೇರೂರಿಸಿದರು. ಹೊಲ ಉಳಲು ಎಮ್ಮೆ, ಕೋಣಗಳನ್ನು ತಂದವರೂ ಅವರೇ. ಪಕ್ಕದ ತಕೆತೊಮಿ ದ್ವೀಪದಲ್ಲಿ ಈಗ ಪ್ರವಾಸಿಗರ ಗಾಡಿ ಎಳೆಯುವುದು ಅದೇ ಜಾತಿ. ಇನ್ನು ಯಾಯೆಯಾಮಾ ಸೋಬಾ: ಗೋಧಿ ಹಿಟ್ಟಿನ ದುಂಡನೆಯ ತೆಳು ನೂಡಲ್ಸ್, ಹಂದಿ ಮೂಳೆ ಮತ್ತು ಒಣಮೀನಿನ ಸಾರು. ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಪಿಪಾಚಿ ಪುಡಿ ಇರುತ್ತದೆ. ನಮ್ಮ ಹಿಪ್ಪಲಿಯ ಹತ್ತಿರದ ನೆಂಟ ಅದು. ಘಾಟಿನ ಹಿಂದೆಯೇ ಒಂದು ಸಿಹಿ ವಾಸನೆ. ಸಾರಿನ ಮೇಲೆ ಉದುರಿಸಿಕೊಳ್ಳಿ.

ಚಾಂದ್ರಮಾನದ ಏಳನೇ ತಿಂಗಳು, ಪಿತೃಗಳ ಹಬ್ಬದ ಮೂರು ರಾತ್ರಿ ಅಲ್ಲಿದ್ದರೆ ನಿಮ್ಮ ಪುಣ್ಯ. ಅಜ್ಜ ಅಜ್ಜಿಯ ಮರದ ಮುಖವಾಡ ಹಾಕಿದ ಜೋಡಿ, ಹಿಂದೆ ಮೇಳ ಕಟ್ಟಿಕೊಂಡು ಮನೆಮನೆಗೆ ಬರುತ್ತದೆ. ಇದು ಅಂಗಾಮಾ. ನೆರೆದವರು ಪಿತೃಗಳ ಲೋಕದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಮುಖವಾಡದವರು ಕೀರಲು ದನಿಯಲ್ಲಿ, ಯಾಯೆಯಾಮಾ ಭಾಷೆಯಲ್ಲಿ ಚಟಾಕಿ ಹಾರಿಸಿ ಉತ್ತರ ಕೊಡುತ್ತಾರೆ. ಯುನೆಸ್ಕೋ 2009ರಲ್ಲಿ ಈ ಭಾಷೆಯನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆ. ಆ ನಗುವಿನ ನಡುವೆ ಹಳೆಯ ಮಾತು ಕಿವಿಗೆ ಬೀಳುವುದು ನನಗೆ ತುಂಬ ಬೆಲೆಯ ವಿಷಯ.

ಸಸ್ಯಾಹಾರಿಗಳಿಗೆ ಒಂದು ಮಾತು. ಒಣಮೀನಿನ ಸಾರು ಎಲ್ಲದರಲ್ಲೂ ನುಸುಳಿರುತ್ತದೆ, ಮಾಂಸ ಬೇಡ ಅಂದರಷ್ಟೇ ಸಾಲದು, ಮೀನಿನ ಸಾರೂ ಬೇಡ ಅಂತ ಬರೆದ ಚೀಟಿ ಇಟ್ಟುಕೊಳ್ಳಿ. ಶೇಂಗಾದಿಂದ ಮಾಡುವ ಜಿಮಾಮಿ ಟೋಫುವನ್ನು ಸಾಸ್ ಇಲ್ಲದೆ ಕೇಳಿ. ಮಾವು, ಅನಾನಸ್ ಬೇಕಾದಷ್ಟು. ಮತ್ತೆ ಆಗಸ್ಟ್ ಅಂದರೆ ಚಂಡಮಾರುತದ ಕಾಲ. ದೋಣಿ, ವಿಮಾನ ಎರಡೂ ನಿಲ್ಲುತ್ತವೆ. ತಾರೀಖು ಬದಲಾಯಿಸಬಹುದಾದ ಟಿಕೆಟ್ಟನ್ನೇ ತಗೊಳ್ಳಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.