ಕಾವಲಿ ಪಕ್ಕದ ಮಷೀನು

ಎಲ್ಲರಿಗೂ ನಮಸ್ಕಾರ. ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿ ಮುಂಬಯಿಯ ಈ ಮಾಟುಂಗದವರೆಗೆ ಬಂದಿದ್ದೀರಿ, ಅದೇ ದೊಡ್ಡದು. ಕರಪತ್ರದಲ್ಲಿ ನನ್ನ ವಿಷಯ ‘ಕೆಲಸದಲ್ಲಿ ಬದಲಾವಣೆ ಮತ್ತು ನಾಯಕತ್ವ’ ಅಂತ ಹಾಕಿದ್ದಾರೆ. ನನ್ನ ಮೈಗೆ ಅದು ಸ್ವಲ್ಪ ದೊಡ್ಡ ಅಂಗಿ. ನಾನು ಇಪ್ಪತ್ತೆರಡು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವನು. ಅಲ್ಲಿಂದ ಕಂಡಷ್ಟು ಹೇಳುತ್ತೇನೆ.

ಮೊದಲು ನನ್ನದೇ ಪೆದ್ದುತನ. ಕೆಲವು ವರ್ಷದ ಹಿಂದೆ ಆರ್ಡರ್ ತೆಗೆಯಲು ಟ್ಯಾಬ್ ತಂದೆ. ಅಲ್ಲಿಯವರೆಗೆ ಸಪ್ಲೈಯರ್ ಅಡುಗೆಮನೆ ಬಾಗಿಲಲ್ಲಿ ನಿಂತು ‘ಎರಡು ಸಾದಾ, ಒಂದು ಮಸಾಲೆ ಕಡಕ್’ ಅಂತ ಕೂಗಿದರೆ ಮುಗಿಯಿತು. ಇನ್ನು ಟ್ಯಾಬ್ ಒತ್ತಬೇಕು, ಒಳಗೆ ಚೀಟಿ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಎಲ್ಲರನ್ನೂ ನಿಲ್ಲಿಸಿ ಇಪ್ಪತ್ತು ನಿಮಿಷ ಕೊರೆದೆ. ತಪ್ಪು ಕಡಿಮೆ ಆಗುತ್ತದೆ, ಲೆಕ್ಕ ಸುಲಭ, ಎಲ್ಲರಿಗೂ ಒಳ್ಳೆಯದು. ಎಲ್ಲರೂ ತಲೆ ಆಡಿಸಿದರು. ಸಂಬಳ ಕೊಡುವವನ ಮುಂದೆ ಇನ್ನೇನು ಮಾಡುತ್ತಾರೆ?

ಪ್ರಿಂಟರನ್ನು ಕಾವಲಿ ಪಕ್ಕದಲ್ಲೇ ಇಡಿಸಿದೆ, ದೋಸೆ ಭಟ್ಟರ ಕೈಗೆ ಸಿಗಲಿ ಅಂತ. ಒಂಬತ್ತು ಗಂಟೆಯ ರಶ್ಶು. ಭಟ್ಟರು ಚೀಟಿಗಳನ್ನು ಕಾವಲಿ ಮೇಲಿನ ಕಂಬಿಗೆ ಸಾಲಾಗಿ ಸಿಕ್ಕಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಮೊದಲ ಚೀಟಿ ಕಪ್ಪಾಯಿತು. ಆಮೇಲೆ ಎರಡನೆಯದು. ಆ ಕಾಗದಕ್ಕೆ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ, ಮಷೀನು ಬಿಸಿಯಿಂದಲೇ ಅಕ್ಷರ ಮೂಡಿಸುತ್ತದೆ. ನಮ್ಮ ಕಾವಲಿ ಇಡೀ ಚೀಟಿಯನ್ನೇ ಒಂದು ದೊಡ್ಡ ಅಕ್ಷರ ಮಾಡಿಬಿಟ್ಟಿತು. ಅವತ್ತು ಯಾರ ಸೆಟ್ ದೋಸೆ ಯಾರು ತಿಂದರೋ, ದೇವರಿಗೇ ಗೊತ್ತು.

ರಾತ್ರಿ ಭಟ್ಟರನ್ನು ಕೇಳಿದೆ, ‘ಇಂಥ ಕಾಗದ ಒಲೆ ಹತ್ತಿರ ಆಗಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?’ ‘ಗೊತ್ತಿತ್ತು. ಬಸ್ ಟಿಕೆಟ್ ಒಲೆ ಪಕ್ಕ ಇಟ್ಟಿದ್ದೆ, ಹೀಗೇ ಕಪ್ಪಾಗಿತ್ತು. ನೀವು ಕೇಳಲಿಲ್ಲ’ ಅಂದರು. ಅವರ ಮುಖದಲ್ಲಿ ಒಂದು ಚೂರು ಖುಷಿಯೂ ಇತ್ತು. ಇರಲಿ, ಅಷ್ಟಕ್ಕೆ ಅವರಿಗೆ ಹಕ್ಕಿತ್ತು.

ಈ ‘ಕೇಳಲಿಲ್ಲ’ ಅನ್ನುವುದರ ಬೆಲೆಯನ್ನು ಯಾವಾಗಲೋ ಅಳೆದಿದ್ದಾರೆ. ಅಮೆರಿಕದ ವರ್ಜೀನಿಯಾದಲ್ಲಿ ಪೈಜಾಮ ಹೊಲಿಯುವ ಒಂದು ಕಾರ್ಖಾನೆ ಇತ್ತು. ಅಲ್ಲಿ ಲೆಸ್ಟರ್ ಕೋಚ್, ಜಾನ್ ಫ್ರೆಂಚ್ ಎಂಬಿಬ್ಬರು ಮಾಡಿದ ಅಧ್ಯಯನ 1948ರಲ್ಲಿ ಅಚ್ಚಾಯಿತು. ಕೆಲಸದ ರೀತಿ ಬದಲಾಯಿಸಬೇಕಿತ್ತು. ಒಂದು ಗುಂಪಿಗೆ ಸುಮ್ನೆ ತಿಳಿಸಿದರು: ಇದು ಹೊಸ ಕ್ರಮ, ಇದು ಹೊಸ ರೇಟು. ಬೇರೆ ಗುಂಪುಗಳನ್ನು ಮೊದಲೇ ಕೂರಿಸಿಕೊಂಡು, ಹೇಗೆ ಮಾಡೋಣ ಅಂತ ಕೇಳಿದರು. ಬರೀ ತಿಳಿಸಿದ ಗುಂಪಿನಲ್ಲಿ ನಲವತ್ತು ದಿನದೊಳಗೆ ನೂರಕ್ಕೆ 17 ಜನ ಕೆಲಸ ಬಿಟ್ಟರು, ಉಳಿದವರ ಕೈ ಮೊದಲಿನ ವೇಗಕ್ಕೆ ಬರಲೇ ಇಲ್ಲ. ಎಲ್ಲರನ್ನೂ ಕೇಳಿ ಮಾಡಿದ ಗುಂಪುಗಳು ಮೊದಲಿಗಿಂತ ಜಾಸ್ತಿ ಕೆಲಸ ತೆಗೆದವು.

ನನಗೆ ಇಷ್ಟವಾದದ್ದು ಆಮೇಲಿನ ಭಾಗ. ಎರಡೂವರೆ ತಿಂಗಳ ನಂತರ ಆ ಮೊದಲ ಗುಂಪಿನಲ್ಲಿ ಉಳಿದಿದ್ದವರನ್ನೇ ಸೇರಿಸಿ, ಈ ಸಲ ಕೇಳಿ ಇನ್ನೊಂದು ಬದಲಾವಣೆ ಮಾಡಿದರು. ಬೇಗನೆ ಕುದುರಿಕೊಂಡರು. ಅದೇ ಜನ! ‘ನಮ್ಮ ಹುಡುಗರೇ ಸರಿ ಇಲ್ಲ’ ಅಂತ ಗಲ್ಲಾದಲ್ಲಿ ಕೂತು ಎಷ್ಟು ಸಲ ಹೇಳಿದ್ದೇನೋ ನಾನು.

ಸಭೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ತುಂಬಾ ಇದ್ದೀರಿ. ನಮ್ಮ ಕಡೆ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷ ಅದೇ ತಾರೀಖಿಗೆ, ಲಾಕ್‌ಡೌನ್ ನಡುವೆ, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್‌ಗೆ. ಸಂಬಳ ನಿಲ್ಲಲಿಲ್ಲ. ಆದರೂ ಹಳೆ ಬ್ಯಾಂಕಿನ ಹೆಸರಿರುವ ಚೀಲವನ್ನು ಇವತ್ತಿಗೂ ತರಕಾರಿಗೆ ಒಯ್ಯುವವರನ್ನು ನಾನು ಬಲ್ಲೆ. ಹೋದದ್ದೇನು ಅಂತ ಅವರ ಹತ್ತಿರ ಮಾತಾಡಬೇಕಿತ್ತು, ಅಲ್ವಾ?

ನಮ್ಮಲ್ಲಿ ಹೋದದ್ದು ಟಿಪ್ಸು. ಬರೀ ಲಾಭದ ಮಾತಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಗಿರಾಕಿ ನೋಟು ಕೊಟ್ಟಾಗ ಸೋಂಪಿನ ತಟ್ಟೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಯುತ್ತಿತ್ತು. ಬಿಲ್ಲಿನಲ್ಲೇ ಕ್ಯೂಆರ್ ಬಂದ ಮೇಲೆ 187 ಅಂದರೆ ಸರಿಯಾಗಿ 187. ಹುಡುಗರು ಟ್ಯಾಬ್ ಕಂಡು ಮುಖ ಗಂಟು ಹಾಕುತ್ತಿದ್ದದ್ದು ಅದಕ್ಕೆ. ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ. ಇನ್ನೊಂದೂ ಇತ್ತು. ಆರು ಟೇಬಲ್ಲಿನ ಆರ್ಡರನ್ನು ಚೀಟಿ ಇಲ್ಲದೆ ತಲೆಯಲ್ಲಿ ಇಟ್ಟುಕೊಳ್ಳುವುದು ಹಳೆಯ ಸಪ್ಲೈಯರನ ಗತ್ತು. ಆ ಗತ್ತಿಗೆ ಮಷೀನಿನಲ್ಲಿ ಜಾಗ ಇರಲಿಲ್ಲ. ಅದಕ್ಕೆ ನನ್ನ ಹತ್ತಿರ ಈಗಲೂ ಮದ್ದಿಲ್ಲ. ಟಿಪ್ಸಿಗೆ ಮಾತ್ರ ದಾರಿ ಸಿಕ್ಕಿತು: ಗಲ್ಲಾದ ಪಕ್ಕ ಡಬ್ಬಿ, ಅದಕ್ಕೆ ಬೇರೆ ಕ್ಯೂಆರ್, ಶನಿವಾರ ರಾತ್ರಿ ಪಾಲು. ಯಾರಿಗೆ ಎಷ್ಟು ಅಂತ ಹುಡುಗರೇ ಕೂತು ತೀರ್ಮಾನಿಸಿದರು. ತಟ್ಟೆ ತೊಳೆಯುವವನಿಗೂ ಪಾಲು ಇಟ್ಟರು. ನಾನಾಗಿದ್ದರೆ ಮರೆಯುತ್ತಿದ್ದೆ.

ಹೋದ ವರ್ಷ ಹೊಸ ರುಬ್ಬುವ ಮಷೀನು ಬಂತು. ಈ ಸಲ ಭಾಷಣ ಮಾಡಲಿಲ್ಲ. ಪೆಟ್ಟಿಗೆ ಬಿಚ್ಚಿ ಅಡುಗೆಮನೆಯ ಮಧ್ಯೆ ಒಂದು ವಾರ ಸುಮ್ನೆ ಇಟ್ಟೆ. ಎರಡು ದಿನ ಭಟ್ಟರು ಅದನ್ನು ಸುತ್ತು ಹಾಕಿಕೊಂಡೇ ಓಡಾಡಿದರು. ಮೂರನೇ ದಿನ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ನೋಡಿದರು. ನಾಲ್ಕನೇ ದಿನ ಗಲ್ಲಾದ ಹತ್ತಿರ ಬಂದು ಕೇಳಿದರು, ‘ಇದರ ನೀರು ಹೋಗೋ ಪೈಪು ಆ ಕಡೆ ಬಂದರೆ ಕಾಲು ಜಾರುತ್ತೆ. ಈ ಕಡೆ ತಿರುಗಿಸೋಣ್ವಾ?’