ಲಾಕರ್‌ನಲ್ಲಿದ್ದ ಆ ಬಾಟಲಿ: ಬೇಸ್‌ಬಾಲ್ ಕಣ್ಮುಚ್ಚಿ ಕೂತ ಕಾಲ

(ದೃಶ್ಯ: ಲಾಕರ್ ಕೋಣೆ, ಕಪಾಟಿನ ಮೇಲೆ ಒಂದು ಕಂದು ಬಾಟಲಿ)

1998ರ ಆಗಸ್ಟ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಮಾರ್ಕ್ ಮೆಕ್‌ಗ್ವೈರ್ ಹೋಮ್ ರನ್ ಮೇಲೆ ಹೋಮ್ ರನ್ ಬಾರಿಸ್ತಿದ್ದಾರೆ. ಕ್ರಿಕೆಟ್‌ನಲ್ಲಿ ಸಿಕ್ಸರ್ ಇದ್ದ ಹಾಗೆ ಅಂದ್ಕೊಳ್ಳಿ. 1961ರಲ್ಲಿ ರೋಜರ್ ಮ್ಯಾರಿಸ್ ಒಂದೇ ಸೀಸನ್‌ನಲ್ಲಿ 61 ಹೊಡೆದಿದ್ರು. ಆ ದಾಖಲೆ ಮುರಿಯುತ್ತಾ ಅಂತ ಅಮೆರಿಕದ ಅಭಿಮಾನಿಗಳು ಕಾಯ್ತಿದ್ದಾರೆ.

ಆಗ ಎಪಿ ಸುದ್ದಿಸಂಸ್ಥೆಯ ವರದಿಗಾರ ಸ್ಟೀವ್ ವಿಲ್‌ಸ್ಟೀನ್ ಕಣ್ಣಿಗೆ ಮೆಕ್‌ಗ್ವೈರ್ ಲಾಕರ್‌ನಲ್ಲಿದ್ದ ಬಾಟಲಿ ಬೀಳುತ್ತೆ. ಆಂಡ್ರೋಸ್ಟೆನ್‌ಡಯೋನ್. ಟೆಸ್ಟೋಸ್ಟೆರಾನ್ ಅನ್ನೋ ಪುರುಷ ಹಾರ್ಮೋನ್ ಹೆಚ್ಚಿಸುತ್ತೆ ಅಂತ ಅಂಗಡಿಯಲ್ಲೇ ಮಾರ್ತಿದ್ದ ಮಾತ್ರೆ. ಒಲಿಂಪಿಕ್ಸ್‌ನಲ್ಲಿ ನಿಷೇಧ ಇತ್ತು, ಬೇಸ್‌ಬಾಲ್‌ನಲ್ಲಿ ಇರಲಿಲ್ಲ.

ವರದಿ ಬಂದ ಮೇಲೆ ಬೈಗುಳ ತಿಂದಿದ್ದು ಯಾರು ಗೊತ್ತಾ? ಬರೆದ ವರದಿಗಾರ! ತಂಡದ ಮ್ಯಾನೇಜರ್ ಟೋನಿ ಲಾ ರೂಸಾ ಆ ವರದಿಗಾರನ ಮೇಲೆ ಹರಿಹಾಯ್ದರು. ಮೆಕ್‌ಗ್ವೈರ್ ಆ ವರ್ಷ 70ಕ್ಕೆ ಮುಟ್ಟಿದ್ರು.

(ದೃಶ್ಯ: ಖಾಲಿ ಗ್ಯಾಲರಿ)

ಇಷ್ಟೊಂದು ಮೌನ ಯಾಕೆ? 1994ರಲ್ಲಿ ಆಟಗಾರರ ಮುಷ್ಕರದಿಂದ ಬೇಸ್‌ಬಾಲ್‌ನ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್ಸೇ ರದ್ದಾಗಿತ್ತು. ಮುನಿಸಿಕೊಂಡಿದ್ದ ಜನರನ್ನ ವಾಪಸ್ ಕರ್ಕೊಂಡು ಬಂದಿದ್ದು ಇದೇ ಹೋಮ್ ರನ್‌ಗಳು. ಸ್ನಾಯು ಬೆಳೆಸೋ ಸ್ಟೀರಾಯ್ಡ್ ಕೂಡದು ಅಂತ ಕಮಿಷನರ್, ಅಂದ್ರೆ ಬೇಸ್‌ಬಾಲ್ ಲೀಗ್‌ನ ಮುಖ್ಯಸ್ಥ, ಫೇ ವಿನ್ಸೆಂಟ್ 1991ರಲ್ಲೇ ಸುತ್ತೋಲೆ ಕಳಿಸಿದ್ರು, ಆದರೆ ಪರೀಕ್ಷೆ ಮಾಡೋ ವ್ಯವಸ್ಥೆಯೇ ಇರಲಿಲ್ಲ. ಆಟಗಾರರ ಸಂಘ ಖಾಸಗಿತನದ ಮಾತೆತ್ತಿ ಬೇಡ ಅಂತು. ಮಾಲೀಕರೂ ಪಟ್ಟು ಹಿಡೀಲಿಲ್ಲ. 2003ರಲ್ಲಿ ಮೊದಲ ಸಲ ಪರೀಕ್ಷೆ ನಡೆದಾಗ ಹೆಸರು ಹೊರಗೆ ಬರಲ್ಲ, ಶಿಕ್ಷೆಯೂ ಇಲ್ಲ ಅಂತ ಒಪ್ಪಂದ. ಆಗಲೂ ಶೇಕಡ 5ಕ್ಕಿಂತ ಹೆಚ್ಚು ಮಾದರಿಗಳು ಪಾಸಿಟಿವ್!

ನನಗೆ ಹೊಟ್ಟೆ ಉರಿಯೋದು ಇಲ್ಲಿ. ಸೂಜಿ ಮುಟ್ಟದೆ ಬೆವರು ಸುರಿಸಿದ ಹುಡುಗ ಪಕ್ಕದವನ ತೋಳು ನೋಡ್ತಾ ಏನು ಯೋಚನೆ ಮಾಡಿರಬೇಕು? ನಾನೂ ತಗೊಳ್ಳಲಾ, ಇಲ್ಲ ಜಾಗ ಬಿಟ್ಟುಕೊಡಲಾ? ಇಂಥ ಇಕ್ಕಟ್ಟಿಗೆ ಅವನನ್ನ ತಳ್ಳಿದ್ದು ಮೇಲೆ ಕೂತವರು.

ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ 2007ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಇದನ್ನೇ ಹೇಳ್ತು: ಕಮಿಷನರ್‌ಗಳು, ತಂಡಗಳು, ಸಂಘ, ಆಟಗಾರರು, ಎಲ್ಲರಿಗೂ ಇದರಲ್ಲಿ ಪಾಲಿದೆ. ಆ ತನಿಖೆ ಮಾಡಿಸಿದ್ದು ಕಮಿಷನರ್ ಬಡ್ ಸೆಲಿಗ್. ಅದಕ್ಕೆ ಅವರನ್ನ ಮೆಚ್ಚಲೇಬೇಕು. ಆದರೆ 1998ರಲ್ಲೂ ಆ ಕುರ್ಚಿಯಲ್ಲಿದ್ದವರು ಅವರೇ.

(ದೃಶ್ಯ: ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್)

2010ರಲ್ಲಿ ಮೆಕ್‌ಗ್ವೈರ್ ಸ್ಟೀರಾಯ್ಡ್ ತಗೊಂಡಿದ್ದೆ ಅಂತ ತಪ್ಪೊಪ್ಪಿಕೊಂಡು, ಮ್ಯಾರಿಸ್ ಅವರ ಪತ್ನಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ರು. ಬೇಸ್‌ಬಾಲ್ ದಿಗ್ಗಜರಿಗೆ ಸಿಗೋ ಹಾಲ್ ಆಫ್ ಫೇಮ್ ಗೌರವ ಮೆಕ್‌ಗ್ವೈರ್‌ಗೆ ಸಿಗಲಿಲ್ಲ. ಲಾ ರೂಸಾಗೆ 2014ರಲ್ಲಿ ಸಿಕ್ತು, ಸೆಲಿಗ್‌ಗೆ 2017ರಲ್ಲಿ.