ಗಾಲ್ಫ್ ಗೊತ್ತಿಲ್ಲದವರ ಪೈನ್‌ಹರ್ಸ್ಟ್

ನಮಸ್ಕಾರ. ಮೊದಲು ಈ ಸದ್ದು ಕೇಳಿ. ಐದು ಸೆಕೆಂಡ್ ನಾನು ಸುಮ್ಮನಿರುತ್ತೇನೆ.

ಕೇಳಿಸಿತಾ? ಇದು ಕಡಲಲ್ಲ, ಪೈನ್ ಮರಗಳ ಗಾಳಿ. ಕಾರಿನಿಂದ ಇಳಿದವಳೇ ಅಮ್ಮ ಬಾಗಿಲು ಹಾಕುವುದನ್ನೂ ಮರೆತು ನಿಂತುಬಿಟ್ಟಳು. "ಇದು ಕಾಸರಕೋಡಿನ ಗಾಳಿಮರದ ಸದ್ದೇ ಅಲ್ವೇನೇ?" ಅಂದಳು. ನಮ್ಮೂರು ಹೊನ್ನಾವರ. ಪಕ್ಕದ ಕಾಸರಕೋಡಿನ ಕಡಲ ದಂಡೆಯ ಗಾಳಿಮರದ ತೋಪಿನಲ್ಲಿ ಆಡಿ ಬೆಳೆದವಳು ನಾನು. ಅಮೆರಿಕದ ಕೇರಿ (Cary) ಅನ್ನುವ ಊರಿನಲ್ಲಿ ಮನೆ ಮಾಡಿ ಆರು ವರ್ಷ ಆಯಿತು, ಪೈನ್ ಮರ ದಿನಾ ನೋಡುತ್ತೇನೆ. ಆದರೂ ಈ ಸದ್ದು ಅಮ್ಮ ಹೇಳುವವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ನಾವು ಬಂದಿರುವುದು ನಾರ್ತ್ ಕೆರೊಲಿನಾದ ಪೈನ್‌ಹರ್ಸ್ಟ್‌ಗೆ. ಮನೆಯಿಂದ ಯುಎಸ್ 1 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಒಂದೂಕಾಲು ಗಂಟೆ. ಗಾಲ್ಫ್ ನೋಡುವವರಿಗೆ ಈ ಹೆಸರು ಹೇಳಲೇಬೇಕಿಲ್ಲ. 2024ರ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿ ನಡೆದದ್ದು ಇಲ್ಲೇ. ಆದರೆ ನನಗೂ ಅಮ್ಮನಿಗೂ ಗಾಲ್ಫಿನ ಗಂಧಗಾಳಿ ಇಲ್ಲ. ನಾವು ನೋಡಲು ಬಂದಿರುವುದು ನೂರು ವರ್ಷದ ಹಿಂದಿನ ಊರನ್ನು. ಉತ್ತರದಲ್ಲಿ ಹಿಮ ಬೀಳುವ ಕಾಲಕ್ಕೆ ಬಾಸ್ಟನ್, ನ್ಯೂಯಾರ್ಕ್ ಕಡೆಯವರು ರೈಲು ಹತ್ತಿ ಬಂದು ಚಳಿಗಾಲ ಕಳೆಯುತ್ತಿದ್ದ ಊರು ಇದು. ಬೇಸಿಗೆಯಲ್ಲಿ ಹೋಟೆಲುಗಳಿಗೆ ಬೀಗ. ಇಡೀ ಊರು ಚಳಿಗಾಲಕ್ಕೆಂದೇ ಕಟ್ಟಿದ್ದು.

ಈಗ ಕ್ಯಾಮೆರಾ ಸ್ವಲ್ಪ ಕೆಳಗೆ. ನೆಲ ನೋಡಿ, ಎಲ್ಲಾ ಮರಳು. "ಹೊಯ್ಗೆ ನೆಲ," ಅಂತ ಅಮ್ಮ ಚಪ್ಪಲಿ ತುದಿಯಿಂದ ಕೆದಕಿ ತೋರಿಸಿದಳು. ಸಮುದ್ರ ಇಲ್ಲಿಂದ ಸುಮಾರು ನೂರು ಮೈಲಿ ದೂರ, ಆದರೂ ಮರಳು. ಈ ಸೀಮೆಯ ಹೆಸರೇ ಸ್ಯಾಂಡ್‌ಹಿಲ್ಸ್. ಕೋಟ್ಯಂತರ ವರ್ಷಗಳ ಹಿಂದೆ ಕಡಲು ಈ ಕಡೆವರೆಗೂ ಬಂದಿತ್ತು. ಮಳೆ ಬಂದರೆ ನೀರು ನಿಲ್ಲುವುದಿಲ್ಲ, ಕೆಸರಾಗುವುದಿಲ್ಲ, ಗಾಳಿ ಒಣ. ಈ ಊರು ಹುಟ್ಟಲು ಕಾರಣವೂ ಅದೇ.

1895ರಲ್ಲಿ ಜೇಮ್ಸ್ ವಾಕರ್ ಟಫ್ಟ್ಸ್ ಅನ್ನುವ ಬಾಸ್ಟನ್ ವ್ಯಾಪಾರಿ ಇಲ್ಲಿ ಜಾಗ ಕೊಂಡರು. ಔಷಧದ ಅಂಗಡಿಗಳಲ್ಲಿ ಇರುತ್ತಿದ್ದ ಸೋಡಾ ಯಂತ್ರ ಮಾಡಿ ಮಾರಿ ಶ್ರೀಮಂತರಾದವರು. "ನಮ್ಮ ಗೋಲಿ ಸೋಡಾ ಥರಾನಾ?" ಅಂದಳು ಅಮ್ಮ. ಹೆಚ್ಚುಕಡಿಮೆ ಅದೇ ಅಮ್ಮ, ಗೋಲಿ ಬದಲು ಅಮೃತಶಿಲೆಯ ದೊಡ್ಡ ಕಟ್ಟೆ, ಮೇಲೆ ನಲ್ಲಿಗಳು. ಟಫ್ಟ್ಸ್ ಆರೋಗ್ಯ ಅಷ್ಟಕ್ಕಷ್ಟೇ ಇತ್ತು. ತಮ್ಮಂಥವರಿಗೆ, ಅದರಲ್ಲೂ ಜಾಸ್ತಿ ದುಡ್ಡಿಲ್ಲದ ಕ್ಷಯ ರೋಗಿಗಳಿಗೆ, ಬೆಚ್ಚಗೆ ಚಳಿಗಾಲ ಕಳೆಯಲು ಒಂದು ಊರು ಬೇಕು ಅನ್ನಿಸಿತು. ಸುಮಾರು 5,800 ಎಕರೆ ಸಿಕ್ಕಿತು. ಎಕರೆಗೆ ಒಂದು ಡಾಲರ್ ಚಿಲ್ಲರೆ.

ಯಾಕೆ ಅಷ್ಟು ಅಗ್ಗ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಲ್ಲಿನ ಮರ ಲಾಂಗ್‌ಲೀಫ್ ಪೈನ್. ನನ್ನ ಕೈಯಲ್ಲಿರುವ ಈ ಎಲೆ ನೋಡಿ. ಸೂಜಿಯಂಥ ಮೂರು ಎಲೆ ಒಂದೇ ಬುಡದಲ್ಲಿ ಕೂಡಿಕೊಂಡಿವೆ. ಉದ್ದ ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ. ಮುರಿದು ಮೂಸಿದರೆ ರಾಳದ ವಾಸನೆ. ಆ ರಾಳಕ್ಕಾಗಿಯೇ ಈ ಮರಗಳ ಬುಡ ಕೆತ್ತಿ, ಒಸರಿದ ಅಂಟು ಹಿಡಿದು, ಕಾಯಿಸಿ ಟರ್ಪೆಂಟೈನ್ ಮಾಡುತ್ತಿದ್ದರು. ಮರದ ಹಡಗುಗಳಿಗೆ ಬಳಿಯುವ ಡಾಂಬರೂ ಈ ಮರದಿಂದಲೇ. ಅಂಟು ಮುಗಿದ ಮೇಲೆ ಮರವನ್ನೂ ಕಡಿದರು. ಟಫ್ಟ್ಸ್ ಬರುವ ಹೊತ್ತಿಗೆ ಈ ಕಡೆ ಬಹುಪಾಲು ಬರೀ ಮೋಟು ಬುಡ, ಮರಳು, ಒಣ ಹುಲ್ಲು. ಯಾರಿಗೂ ಬೇಡವಾದ ನೆಲ.

ಈಗ ನಾವು ನಡೆಯುತ್ತಿರುವ ದಾರಿ ನೋಡಿ. ಡಿಸೆಂಬರ್ ಮಧ್ಯ ಇದು, ಆದರೂ ಎರಡೂ ಕಡೆ ಹಸಿರು. ಇದು ಮ್ಯಾಗ್ನೋಲಿಯಾ, ಎಲೆ ಮೇಲೆ ಹೊಳೆಯುತ್ತದೆ, ತಿರುಗಿಸಿದರೆ ಕಂದು ಮಖಮಲ್ಲು. ಅಲ್ಲಿ ಕೆಂಪು ಹಣ್ಣಿನ ಗೊಂಚಲು ಇರುವುದು ಹಾಲಿ ಗಿಡ. ಬೇಲಿಯ ಹತ್ತಿರ ಕ್ಯಾಮೀಲಿಯಾ, ಚಳಿಯಲ್ಲೇ ಹೂ ಬಿಟ್ಟಿದೆ. ಇದ್ಯಾವುದೂ ತಾನಾಗಿ ಬಂದಿದ್ದಲ್ಲ. ಊರಿನ ನಕ್ಷೆ ಹಾಕಿಸಲು ಟಫ್ಟ್ಸ್ ಹೋಗಿದ್ದು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರ ಕಚೇರಿಗೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮಾಡಿದವರು ಅವರೇ. ವಾರೆನ್ ಮ್ಯಾನಿಂಗ್ ಅನ್ನುವವರು ಇಲ್ಲಿಗೇ ಬಂದು ನೆಡಿಸುವ ಕೆಲಸ ನೋಡಿಕೊಂಡರು. ಎರಡು ಲಕ್ಷಕ್ಕೂ ಜಾಸ್ತಿ ಗಿಡ ನೆಟ್ಟರು. ಅದರಲ್ಲಿ ಸಾವಿರಾರು ಗಿಡ ಫ್ರಾನ್ಸಿನಿಂದ ಹಡಗಿನಲ್ಲಿ ಬಂದವು. ಚಳಿಯಲ್ಲೂ ಎಲೆ ಉದುರದ ಗಿಡಗಳನ್ನು ಹುಡುಕಿ ಹುಡುಕಿ ಹಾಕಿದರು, ಬರುವವರು ಬರುವುದೇ ಚಳಿಗಾಲದಲ್ಲಿ ಅಲ್ವಾ?

ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದದ್ದು ಇದೇ. ಕಡಿದು ಬಿಟ್ಟುಹೋದ ನೆಲದಲ್ಲಿ ನಿಂತು ಹಸಿರನ್ನು ಮೊದಲೇ ಲೆಕ್ಕ ಹಾಕಿದ್ದಾರೆ. ನಾವು ಈಗ ಅದರ ನೆರಳಿನಲ್ಲಿ ನಡೆಯುತ್ತಿದ್ದೇವೆ.

ಇನ್ನೊಂದು ಗಮನಿಸಿ. ಈ ಹಳೇ ಊರಿನಲ್ಲಿ ನೇರ ರಸ್ತೆ ಸಿಗುವುದೇ ಅಪರೂಪ. ಎಲ್ಲಾ ಬಾಗಿ ಬಾಗಿ ಹೋಗುತ್ತವೆ. ನಡುವೆ ಮೊಟ್ಟೆಯಾಕಾರದ ದೊಡ್ಡ ಹಸಿರು ಬಯಲು, ಅದರ ಸುತ್ತ ದಾರಿಗಳು ಸುತ್ತಿಕೊಂಡಿವೆ. ಕಾಲುದಾರಿ ಇವತ್ತಿಗೂ ಎಷ್ಟೋ ಕಡೆ ಮರಳಿನದೇ, ಮೇಲೆ ಪೈನ್ ಎಲೆಯ ಹಾಸು. ನಡೆದರೆ ಸದ್ದೇ ಇಲ್ಲ. ನಾವು ಎರಡು ಸಲ ದಾರಿ ತಪ್ಪಿದೆವು. ಎರಡು ಸಲವೂ ಅದೇ ಬಿಳಿ ಕಾಟೇಜಿನ ಮುಂದೆ ಬಂದು ನಿಂತೆವು. ಅಮ್ಮನಿಗೆ ಮಂಡಿ ನೋವು, ಅರ್ಧ ಗಂಟೆ ನಡೆದರೆ ಕೂರಬೇಕು. ಇವತ್ತು ಒಂದು ಗಂಟೆ ನಡೆದಳು, ಮಂಡಿಯ ಮಾತೇ ಎತ್ತಲಿಲ್ಲ.

ಇದು ಹಾಲಿ ಇನ್. ಊರಿನ ಮೊದಲ ಹೋಟೆಲ್, 1895ರ ಡಿಸೆಂಬರ್ 31ರಂದು ಬಾಗಿಲು ತೆರೆಯಿತು. ಆಗ ಸದರ್ನ್ ಪೈನ್ಸ್ ಸ್ಟೇಷನ್ನಿನವರೆಗೆ ರೈಲು. ಮುಂದಕ್ಕೆ ಆರು ಮೈಲಿಗೆ ಟ್ರಾಲಿ ಹಾಕಿಸಿದರು. ಮರದ ನಡುವೆ ಟ್ರಾಲಿಯಲ್ಲಿ ಬರುವುದನ್ನು ಸುಮ್ನೆ ಕಣ್ಣು ಮುಚ್ಚಿ ನೆನೆಸಿಕೊಳ್ಳಿ.

ಆ ದೊಡ್ಡ ಬಿಳಿ ಕಟ್ಟಡ ಕೆರೊಲಿನಾ ಹೋಟೆಲ್. ಮೇಲೆ ತಾಮ್ರದ ಗುಮ್ಮಟ. 1901ರ ಜನವರಿ 1ರಂದು ಶುರು. ಅಷ್ಟರಲ್ಲಿ ಊರಿನ ಗುರಿಯೇ ಬದಲಾಗಿತ್ತು. ಕ್ಷಯ ಅಂಟುರೋಗ ಅಂತ ಜನಕ್ಕೆ ಖಾತ್ರಿಯಾಗುತ್ತಾ ಬಂತು. ಯಾರಿಗಾಗಿ ಊರು ಕಟ್ಟಿದರೋ ಅವರನ್ನೇ ಬರಬೇಡಿ ಅನ್ನಬೇಕಾಯಿತು. ಕ್ಷಯ ಇದ್ದವರಿಗೆ ಪ್ರವೇಶವಿಲ್ಲ ಅಂತ ಜಾಹೀರಾತಿನಲ್ಲೇ ಹಾಕುತ್ತಿದ್ದರು. ಇದನ್ನು ಹೇಳುವಾಗ ಅಮ್ಮ ಏನೂ ಮಾತಾಡಲಿಲ್ಲ. ನನ್ನ ಅಜ್ಜಿಯ ತಂಗಿ ಹೋಗಿದ್ದು ಅದೇ ಕಾಯಿಲೆಯಲ್ಲಿ.

ಹಾಗಾದರೆ ಆರೋಗ್ಯವಂತರನ್ನು ಕರೆಯಲು ಏನು ಮಾಡಬೇಕು? ಆಟ. ಕುದುರೆ ಸವಾರಿ, ಟೆನಿಸ್, ಬಂದೂಕಿನ ಗುರಿ, ಆಮೇಲೆ ಕುದುರೆ ಗಾಡಿ ಓಟದ ಮೈದಾನ. ಗಾಲ್ಫ್ ಬಂದ ಕತೆ ಇಲ್ಲಿ ಎಲ್ಲರೂ ಹೇಳುತ್ತಾರೆ. ಅತಿಥಿಗಳು ಹಸು ಮೇಯುವ ಹುಲ್ಲುಗಾವಲಿನಲ್ಲಿ ಬಿಳಿ ಚೆಂಡು ಹೊಡೆಯಲು ಶುರು ಮಾಡಿದರಂತೆ. ಹಸುಗಳಿಗೆ ತೊಂದರೆ ಅಂತ ದೂರು ಬಂತು. 1898ರಲ್ಲಿ ಆಟಕ್ಕೆ ಬೇರೆ ಜಾಗ ಮಾಡಿಕೊಟ್ಟರು. 1900ರಲ್ಲಿ ಸ್ಕಾಟ್ಲೆಂಡಿನ ಡಾರ್ನಕ್ ಊರಿನ ಗಾಲ್ಫ್ ಆಟಗಾರ ಡೊನಾಲ್ಡ್ ರಾಸ್ ಇಲ್ಲಿಗೆ ಬಂದರು. ಅವರೂ ಕಡಲ ದಂಡೆಯ ಮರಳಿನಲ್ಲಿ ಬೆಳೆದವರೇ. 1907ರಲ್ಲಿ ನಂಬರ್ ಟೂ ಅನ್ನುವ ಗಾಲ್ಫ್ ಮೈದಾನ ಮಾಡಿದರು, 1948ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಮನೆ ಕಟ್ಟಿಕೊಂಡಿದ್ದೂ ಅದರ ಪಕ್ಕದಲ್ಲೇ. ಚೆಂಡು ಬೀಳಬೇಕಾದ ಗ್ರೀನ್ ಮೊದಲು ಹಸಿರೇ ಇರಲಿಲ್ಲ, ಬರೀ ಮರಳು. ಅಲ್ಲಿ ಹುಲ್ಲು ಬಂದಿದ್ದು 1935ರ ಹೊತ್ತಿಗೆ.

ಈಗ ಒಂದು ವಿಷಯ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆ ಹೋಟೆಲುಗಳಲ್ಲಿ ಅತಿಥಿಗಳು ಬಿಳಿಯರು ಮಾತ್ರ. ಅಡುಗೆಮನೆ, ಬಟ್ಟೆ ಒಗೆಯುವುದು, ಗಾಲ್ಫ್ ಚೀಲ ಹೊರುವುದು, ಈ ಕೆಲಸಗಳಲ್ಲಿ ದುಡಿದವರು ಹೆಚ್ಚಾಗಿ ಕಪ್ಪು ಜನ. ಅವರ ಮನೆಗಳು ಈ ಸುತ್ತು ದಾರಿಗಳ ಆಚೆ, ಪಕ್ಕದ ಟೇಲರ್‌ಟೌನ್‌ನಲ್ಲಿ. ವಿಲ್ಲಿ ಮೆಕ್ರೇ ಅನ್ನುವವರು 1943ರಲ್ಲಿ ಹತ್ತು ವರ್ಷದ ಹುಡುಗನಾಗಿ ಇಲ್ಲಿ ಚೀಲ ಹೊರಲು ಬಂದರು. 2018ರಲ್ಲಿ ತೀರಿಕೊಳ್ಳುವವರೆಗೂ ಕ್ಯಾಡಿಯಾಗಿದ್ದರು. ಎಪ್ಪತ್ತೈದು ವರ್ಷ. ಈ ಮೈದಾನದ ಏರಿಳಿತ ಅವರಷ್ಟು ಬಲ್ಲವರು ಎಷ್ಟು ಜನ ಇದ್ದಾರು? ಊರು ನೋಡಲು ಬಂದವರು ದಯವಿಟ್ಟು ಟೇಲರ್‌ಟೌನ್ ಕಡೆಗೂ ಒಂದು ಸುತ್ತು ಹಾಕಿ. ಇದನ್ನು ಕಟ್ಟಿ ನಡೆಸಿದ ಅರ್ಧ ಊರು ಅಲ್ಲಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಅವಲಕ್ಕಿ, ಮೊಸರು, ಅಮ್ಮ ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ. ಆಮೇಲೆ ಹಸಿರು ಬಯಲಿನ ಪಕ್ಕದ ಟಫ್ಟ್ಸ್ ಆರ್ಕೈವ್ಸ್‌ಗೆ ಹೋದೆವು. ಹಳೇ ಫೋಟೋ, ಪತ್ರ, ನಕ್ಷೆ ಎಲ್ಲಾ ಇಲ್ಲಿವೆ. ಅಮ್ಮನಿಗೆ ಹಿಡಿಸಿದವಳು ಒಬ್ಬಳೇ, ಆನಿ ಓಕ್ಲಿ. ಕುದುರೆ, ಬಂದೂಕಿನ ಪ್ರದರ್ಶನಗಳಲ್ಲಿ ಜಗತ್ತೆಲ್ಲ ಹೆಸರಾದ ಗುರಿಕಾರ್ತಿ. ಐವತ್ತು ದಾಟಿದ ಮೇಲೆ, 1915ರಿಂದ ಕೆಲವು ವರ್ಷ, ಚಳಿಗಾಲಕ್ಕೆ ಗಂಡನ ಜೊತೆ ಇಲ್ಲಿಗೆ ಬರುತ್ತಿದ್ದಳು. ಹೋಟೆಲಿಗೆ ಬಂದ ಹೆಂಗಸರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದಳು, ದುಡ್ಡು ತೆಗೆದುಕೊಳ್ಳದೆ. ಅವಳ ನಾಯಿ ಡೇವ್. ಅದರ ತಲೆ ಮೇಲೆ ಸೇಬು ಇಟ್ಟು ಹೊಡೆಯುತ್ತಿದ್ದಳು, ನಾಯಿ ಅಲುಗುತ್ತಿರಲಿಲ್ಲ. ಮೊದಲ ಮಹಾಯುದ್ಧ ಬಂದಾಗ ಅದೇ ನಾಯಿ ರೆಡ್‌ಕ್ರಾಸ್‌ಗೆ ದುಡ್ಡು ಕೂಡಿಸಿತು. ಜನ ಕರವಸ್ತ್ರದಲ್ಲಿ ದುಡ್ಡು ಸುತ್ತಿ, ಅದಕ್ಕೆ ಮೂಸಲು ಕೊಟ್ಟು, ಎಲ್ಲೋ ಬಚ್ಚಿಡಬೇಕು. ಡೇವ್ ಹುಡುಕಿ ತಂದರೆ ಆ ದುಡ್ಡು ರೆಡ್‌ಕ್ರಾಸ್‌ಗೆ. "ಆ ನಾಯಿಗೆ ಅವಳ ಮೇಲೆ ಎಷ್ಟು ನಂಬಿಕೆ ಇರ್ಬೇಕು ನೋಡು," ಅಂದಳು ಅಮ್ಮ. ಆ ಮಾತನ್ನು ಮತ್ತೆ ಎರಡು ಸಲ ಹೇಳಿದಳು.

ವಾಪಸು ಬರುವಾಗ ಸದರ್ನ್ ಪೈನ್ಸ್‌ನಲ್ಲಿ ನಿಲ್ಲಿಸಿದೆವು. ಹಳೇ ಸ್ಟೇಷನ್ ಹಾಗೇ ಇದೆ, ರೈಲು ಈಗಲೂ ನಿಲ್ಲುತ್ತದೆ. ಆದರೆ ನಾವು ನಿಂತಿದ್ದು ವೇಮತ್ ವುಡ್ಸ್‌ಗಾಗಿ. ಸುತ್ತಲಿನ ಕಾಡೆಲ್ಲ ಕೊಡಲಿಗೆ ಹೋಗುವಾಗ ಬಾಯ್ಡ್ ಕುಟುಂಬ ಈ ತುಂಡು ಕಾಡನ್ನು ಕೊಂಡು ಉಳಿಸಿತು. ಇಲ್ಲೊಂದು ಲಾಂಗ್‌ಲೀಫ್ ಪೈನ್ ಇದೆ, ಹುಟ್ಟಿದ್ದು 1548ರಲ್ಲಿ. ಈಗ ಬದುಕಿರುವ ಲಾಂಗ್‌ಲೀಫ್‌ಗಳಲ್ಲಿ ವಯಸ್ಸು ಗೊತ್ತಿರುವ ಅತಿ ಹಳೆಯ ಮರ ಇದೇ.

ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ. ದಪ್ಪವೂ ಇಲ್ಲ. ಅಮ್ಮ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು. ಮರದ ಬುಡದಲ್ಲಿ ನಿಂತು ಬೆರಳು ಮಡಿಚಿ ಎಣಿಸಿದಳು. "ತಾಳಿಕೋಟೆ ಯುದ್ಧ 1565. ಆಗ ಇದಕ್ಕೆ ಹದಿನೇಳು ವರ್ಷ. ಹಂಪಿ ಇನ್ನೂ ಹಾಳಾಗಿರಲಿಲ್ಲ ಕಣೇ, ಇದು ಹುಟ್ಟಿದಾಗ." ಆಮೇಲೆ ತೊಗಟೆಗೆ ಅಂಗೈ ಒತ್ತಿ ಮೇಲೆ ನೋಡಿದಳು.

ಈ ಕೊನೆಯ ಶಾಟ್ ಅಲ್ಲಿಯದೇ. ಇದಕ್ಕೆ ಸಂಗೀತ ಹಾಕಿಲ್ಲ. ಗಾಳಿ ಬೀಸುವವರೆಗೆ ಕಾಯಿರಿ, ಇನ್ನೇನು ಬರುತ್ತದೆ.